ಸೊಸೆ ಬಿಟ್ಟ ಹೆಸರು

ಆ ಮನೆಯಲ್ಲಿ ಎಸೆಂಕುಲ್ ಎಂಬ ಹೆಸರು ಹೊಸ್ತಿಲ ಆಚೆಗೇ ಉಳಿಯುತ್ತಿತ್ತು. ಹೆಂಡತಿ ಬುರ್ಮಾಕಾನ್ ಅವರು ಗಂಡನನ್ನು ಮದುವೆಯಾದ ಹೊಸತರಲ್ಲಿ "ಇಲ್ಲಿ ಕೇಳಿ" ಎಂದು ಕರೆದವರು, ಮಕ್ಕಳಾದ ಮೇಲೆ "ಮಗನ ಅಪ್ಪಾ" ಎಂದರು, ಹಲ್ಲು ಉದುರಿದ ಮೇಲೆ "ಏ ಮುದುಕಾ" ಎನ್ನತೊಡಗಿದರು. ಮಗ ತಾಲಾಯ್‌ಗೆ ಅವರು ಆತಾ ಅಂದರೆ ಅಪ್ಪ, ಮೊಮ್ಮಕ್ಕಳಿಗೆ ಅಜ್ಜ. ಇನ್ನು ಸೊಸೆ ಸೈಕಾಲ್ ವಿಷಯ ಕೇಳುವುದೇ ಬೇಡ. ಕೊಚ್ಕೋರ್ ಕಣಿವೆಯ ಆ ಹಳ್ಳಿಯಲ್ಲಿ ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ನಾಲಿಗೆಯ ಮೇಲೆ ತರುವ ಹಾಗಿಲ್ಲ. ಕರೆಂಟ್ ಬಿಲ್ಲಿನವನು ಬಂದು "ಇದು ಯಾರ ಮನೆ?" ಎಂದರೆ ಸೈಕಾಲ್ ಹಿಟ್ಟಿನ ಕೈಯಲ್ಲೇ ಮಗಳನ್ನು ಕೂಗುತ್ತಿದ್ದಳು. ಮಗಳು ಶಾಲೆಗೆ ಹೋಗಿದ್ದರೆ ಬೇಲಿಯಾಚೆಯ ಮುದುಕಿಯನ್ನು ಕೂಗುತ್ತಿದ್ದಳು. ಮದುವೆಯಾಗಿ ಹದಿನೇಳು ವರ್ಷ ಹೀಗೇ ನಡೆದಿತ್ತು. ಬಿಲ್ಲಿನವನನ್ನು ಬಿಟ್ಟರೆ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆ ಬಂದದ್ದು ಫೋನಿನಿಂದ.

ಮಾವ ಹಾಡುಗಾರರು. ಏಪ್ರಿಕಾಟ್ ಮರದ ಕೊಮುಜ್, ಅದಕ್ಕೆ ಮೂರು ತಂತಿ, ಒಂದು ಕಾಲದಲ್ಲಿ ಸುತ್ತಲಿನ ಯಾವ ಮದುವೆಯೂ ಅವರಿಲ್ಲದೆ ಕಳೆಗಟ್ಟುತ್ತಿರಲಿಲ್ಲ. ಈಗಿನ ಮದುವೆಗಳಿಗೆ ಹುಡುಗರು ಆಳೆತ್ತರದ ಸ್ಪೀಕರು ತರುತ್ತಾರೆ, ಅದರ ಮುಂದೆ ಮೂರು ತಂತಿ ಏನು ಮಾಡೀತು? ಹಾಗಾಗಿ ಮಾವ ಬೆಳಗಿನ ಚಹಾಕ್ಕೆ ಮುಂಚೆ, ಒಲೆಯ ಪಕ್ಕದ ದಿಂಡಿಗೆ ಒರಗಿ, ಮನೆಯವರಿಗಷ್ಟೇ ಕೇಳುವಂತೆ ಹಾಡಿಕೊಳ್ಳುತ್ತಿದ್ದರು. ಒಂದು ಶರತ್ಕಾಲದ ಬೆಳಿಗ್ಗೆ ಸೈಕಾಲ್ ಫೋನನ್ನು ಜಾಮಿನ ಡಬ್ಬಿಗೆ ಆನಿಸಿಟ್ಟು ಆ ಹಾಡನ್ನು ಹಿಡಿದು, ಮಾಸ್ಕೋದಲ್ಲಿ ಆಸ್ಪತ್ರೆಯೊಂದರ ನೆಲ ಒರೆಸುವ ಕೆಲಸಕ್ಕಿದ್ದ ನಾದಿನಿ ಅನಾರಾಗೆ ಕಳಿಸಿದಳು. ಅನಾರಾ ಊರು ಬಿಟ್ಟು ಹೋದ ಮೇಲೆ, ಅದೇ ವರ್ಷ, ಮಾವ ಅವಳಿಗೆಂದೇ ಕಟ್ಟಿದ ಹಾಡು ಅದು; ಅವಳು ಅದನ್ನು ಇನ್ನೂ ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಅನಾರಾ ಫೋನ್ ಮಾಡಿದಳು.

"ಅತ್ತಿಗೆ, ನೀನೇನು ಮಾಡಿಬಿಟ್ಟೆ! ನಮ್ಮ ರೂಮಿನ ಎಂಟು ಜನಾನೂ ಅಳ್ತಾ ಕೂತಿದ್ವಿ. ಪಕ್ಕದ ರೂಮಿನವರು ಯಾರೋ ಸತ್ರು ಅಂದ್ಕೊಂಡು ಓಡಿ ಬಂದ್ರು. ಈಗ ಅವರಿಗೂ ಬೇಕಂತೆ, ಅವರ ತಂಗಿಯರಿಗೂ ಬೇಕಂತೆ. ಯಾರ್‍ಯಾರಿಗೆ ಅಂತ ಕಳಿಸ್ಲಿ? ಒಂದು ಗುಂಪು ಮಾಡ್ತೀನಿ, ನೀನೇ ನೋಡ್ಕೋ."

"ನಾನಾ? ನನಗೆ ಹಸು ಕರೆಯೋಕೆ ಟೈಮಿಲ್ಲ."

"ಅಪ್ಪ ಇರೋದು ನಿನ್ನ ಹತ್ರ. ನಾನು ಎಲ್ಲಿಂದ ಹಾಡಿಸ್ಲಿ? ಗುಂಪಿಗೆ ಒಂದು ಹೆಸರು ಹೇಳು ಬೇಗ, ನನ್ನ ಪಾಳಿ ಶುರುವಾಗತ್ತೆ."

ಬೇರೆ ಯಾರೇ ಆಗಿದ್ದರೂ ಹಾಡುಗಾರರ ಹೆಸರನ್ನೇ ಇಡುತ್ತಿದ್ದರು. ಸೈಕಾಲ್ ಒಂದು ಗಳಿಗೆ ಯೋಚಿಸಿ, "ಅಪ್ಪನ ಹಾಡು ಅಂತ ಇಡು" ಎಂದಳು.

ಗುಂಪು ಬೆಳೆದ ರೀತಿಗೆ ಸೈಕಾಲ್ ತಾನೇ ಬೆರಗಾದಳು. ಕಜಾನಿನಲ್ಲಿ ಬಸ್ಸು ಓಡಿಸುವವರು, ಇಸ್ತಾಂಬುಲಿನಲ್ಲಿ ಹೊಲಿಯುವ ಹೆಂಗಸರು, ಬಿಷ್ಕೆಕ್ಕಿನ ಮಾರುಕಟ್ಟೆಯಲ್ಲಿ ಕಾಲ್ಚೀಲ ಮಾರುವವರು ಬಂದು ಸೇರಿದರು. ಓಷ್‌ನಿಂದ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಅವರು ಬಂದ ದಿನದಿಂದ ಎಲ್ಲರ ತಪ್ಪನ್ನೂ ತಿದ್ದತೊಡಗಿದರು. ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಹೊಸ ಹಾಡು ಎಂದು ರೂಢಿಯಾಯಿತು. ಗುರುವಾರವೇ ಜನ "ನಾಳೆ ಯಾವುದು?" ಎಂದು ಶುರು ಮಾಡುತ್ತಿದ್ದರು.

ಆದರೆ ಒಂದು ಹಾಡೂ ಪೂರ್ತಿಯಾಗಿ ಹೊರಗೆ ಹೋಗಲಿಲ್ಲ. ಮಾವ ಕೊನೆಯ ನುಡಿಗೆ ಬರುವ ಹೊತ್ತಿಗೆ ಸರಿಯಾಗಿ ಅಡುಗೆ ಒಲೆಯ ಕಡೆಯಿಂದ ಅತ್ತೆಯ ದನಿ ಏಳುತ್ತಿತ್ತು.

"ಏ ಮುದುಕಾ, ಚಾ ಆರ್ತಿದೆ!"

ಅಲ್ಲಿಗೆ ಹಾಡಿನ ಬಾಲ ಕತ್ತರಿಸಿ ಹೋಗುತ್ತಿತ್ತು. ಮೊದಲ ವಾರ ಸೈಕಾಲ್ ನಾಚಿ ಗುಂಪಿನ ಕ್ಷಮೆ ಕೇಳಿದಳು. ಗುಂಪಿನವರು ಬಿದ್ದು ಬಿದ್ದು ನಕ್ಕರು. ತಿಂಗಳೊಳಗೆ ಅದೇ ಅವರ ನಮಸ್ಕಾರವಾಯಿತು. ಕಜಾನಿನ ಬಸ್ಸಿನವನು ಬೆಳಿಗ್ಗೆ ಎದ್ದು "ಚಾ ಆರ್ತಿದೆ, ಎದ್ದೇಳಿ" ಎಂದರೆ ಇಸ್ತಾಂಬುಲಿನಿಂದ "ಇಲ್ಲೂ ಆರ್ತಿದೆ ಅಣ್ಣಾ" ಎಂದು ಉತ್ತರ ಬರುತ್ತಿತ್ತು.

"ಆಪಾ, ನಿಮ್ಮನ್ನ ಕೇಳ್ತಿದ್ದಾರೆ. ನೀವು ಬೈಯ್ಯೋದು ಹಾಡಿಗಿಂತ ಚೆನ್ನಾಗಿದೆಯಂತೆ" ಎಂದಳು ಸೈಕಾಲ್ ಅತ್ತೆಗೆ.

"ನಾನೆಲ್ಲಿ ಬೈದೆ? ಚಾ ಆರ್ತಿದೆ ಅಂದ್ರೆ ಬೈಗುಳಾನಾ? ಬೈದ್ರೆ ಹೇಗಿರತ್ತೆ ಅಂತ ಅವರಿಗೆ ಗೊತ್ತಿಲ್ಲ" ಎಂದರು ಬುರ್ಮಾಕಾನ್. ಆದರೆ ಮುಂದಿನ ಶುಕ್ರವಾರ ತಲೆಗೆ ಹೊಸ ಬಿಳಿ ವಸ್ತ್ರ ಕಟ್ಟಿಕೊಂಡು ಬಂದರು, ಫೋನಿನಲ್ಲಿ ಅವರ ಮುಖ ಕಾಣುತ್ತಲೇ ಇರಲಿಲ್ಲವಾದರೂ.

ಗುಂಪು ನೋಡಿಕೊಳ್ಳುವುದು ಇನ್ನೊಂದು ಸಂಸಾರ ಮಾಡಿದ ಹಾಗೆ. ಓಷ್‌ನ ಮೇಷ್ಟ್ರಿಗೂ ತಾಲಾಸ್‌ನ ಒಬ್ಬಳಿಗೂ ಯಾವ ಕಣಿವೆಯ ಕೊಮುಜ್ ಹೆಚ್ಚು ಎಂದು ಜಗಳ ಹತ್ತಿಕೊಂಡರೆ, ಸೈಕಾಲ್ ಸಗಣಿ ಕುಳ್ಳು ಒಲೆಗೆ ತುಂಬುತ್ತಲೇ "ಜಗಳ ಆಡೋರು ನಮ್ಮನೆ ಹಿತ್ತಲಿಗೆ ಬನ್ನಿ, ಹುಲ್ಲು ಒಟ್ಟೋದಿದೆ" ಎಂದು ದನಿ ಕಳಿಸುತ್ತಿದ್ದಳು. ಇಬ್ಬರೂ ತೆಪ್ಪಗಾಗುತ್ತಿದ್ದರು. ಹುಟ್ಟಿದೂರಿನಲ್ಲಿ ಅವಳ ಬಾಯಿ ಜೋರು ಎಂದೇ ಹೆಸರಾಗಿತ್ತು. ಇಲ್ಲಿ ಹಿರಿಯರ ಮುಂದೆ ತಗ್ಗಿದ ದನಿ ಮತ್ತೆ ಮೇಲೇಳುತ್ತಿದೆ ಎಂದು ಅವಳಿಗೆ ಖುಷಿಯಾಗುತ್ತಿತ್ತು.

ತಾಲಾಯ್‌ಗೆ ಮಾತ್ರ ಹೊಟ್ಟೆಯ ಚಿಂತೆ. ಅವನು ಬಿಷ್ಕೆಕ್ಕಿಗೆ ವ್ಯಾನು ಓಡಿಸುವವನು.

"ಸಾವಿರ ಜನಕ್ಕೆ ಉತ್ತರ ಕೊಡ್ತೀಯ. ಗಂಡನಿಗೆ ಒಂದು ಬಟ್ಟಲು ಸಾರು ಕೊಡೋಕೆ ನಿನಗೆ ಕೈ ಬಿಡುವಿಲ್ಲ."

"ನಿಮ್ಮ ವ್ಯಾನಲ್ಲಿ ದಿನಾ ಇದೇ ಹಾಡು ಹಾಕ್ತೀರಂತೆ? ಜನ ನಿಮ್ಮ ಗಾಡಿಗೇ ಕಾಯ್ತಾರಂತೆ?"

"ಅದು ಬೇರೆ ವಿಷಯ" ಎಂದು ಅವನು ತಾನೇ ಸಾರು ಬಡಿಸಿಕೊಂಡ.

ಚಳಿ ಬಲಿತ ಹೊತ್ತಿಗೆ ಗುಂಪಿನವರಿಗೆ ಹಾಡುಗಳನ್ನು ಕಲಿಯುವ ಹಂಬಲ ಹುಟ್ಟಿತು. ಮಾವನ ಹಲ್ಲಿಲ್ಲದ ಬಾಯಲ್ಲಿ ಪದಗಳು ಜಾರುತ್ತವೆ, ಮೇಲೆ ಕೆಟಲ್ಲಿನ ಸಿಳ್ಳು. "ಅಕ್ಕಾ, ಅನಾರಾ ಹಾಡನ್ನ ನೀವೇ ನಿಧಾನವಾಗಿ ಹೇಳಿಕೊಡಿ" ಎಂದು ಎಲ್ಲರೂ ದುಂಬಾಲು ಬಿದ್ದರು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಸೈಕಾಲ್ ಹಿಟ್ಟು ನಾದುತ್ತ ಒಂದೊಂದೇ ಸಾಲನ್ನು ಬಿಡಿಸಿ ಹಾಡಿದಳು.

ದೂರ ಹೋದ ಮಕ್ಕಳೇ, ಹೊಗೆ ಕಂಡತ್ತ ತಿರುಗಿ,
ಒಲೆಯಿನ್ನೂ ಆರಿಲ್ಲ, ಬಾಗಿಲಿಗೆ ಅಗುಳಿಲ್ಲ.

ಆಮೇಲೆ ಕೊನೆಯ ಸಾಲು. ಮಾವ ಅದನ್ನು "ಹಾಡಿದವ ಎಸೆಂಕುಲ್, ಕಾಯುವವ ಎಸೆಂಕುಲ್" ಎಂದು ಮುಗಿಸುತ್ತಿದ್ದರು. ಅದು ಅವರ ಅಂಕಿತ. ಸೈಕಾಲ್ ಬಾಯಿಗೆ ಅದು ಬರುವಂತಿರಲಿಲ್ಲ, ಬರಲೂ ಇಲ್ಲ. ತಡವರಿಸದೆ, ಯೋಚಿಸದೆ, "ಹಾಡಿದವರು ಮನೆಯ ಹಿರಿಯರು, ಕಾಯುವವರು ಮನೆಯ ಹಿರಿಯರು" ಎಂದು ಹಾಡಿ, ಕೈಗಂಟಿದ ಹಿಟ್ಟು ಕೆರೆದುಕೊಂಡು, ಕಳಿಸಿಬಿಟ್ಟಳು. ದಿನವೂ ಹಾಗೇ ಗುನುಗಿಕೊಳ್ಳುತ್ತಿದ್ದವಳಿಗೆ ತಾನೊಂದು ಪದ ಬದಲಿಸಿದೆ ಎಂಬುದೂ ಹೊಳೆಯಲಿಲ್ಲ.

ಹೊಸ ವರ್ಷದ ರಜೆಯಲ್ಲಿ ಮಾಸ್ಕೋದ ಗುಂಪಿನವರು ಒಂದು ಕ್ಯಾಂಟೀನಿನಲ್ಲಿ ಸೇರಿ ಎಲ್ಲರೂ ಒಟ್ಟಿಗೆ ಹಾಡಿ ವೀಡಿಯೊ ಕಳಿಸಿದರು. ಅವತ್ತು ಮನೆಯಲ್ಲಿ ಬೇಷ್‌ಬರ್ಮಾಕ್. ಮಾವ ಬೆಂದ ಮಾಂಸವನ್ನು ಸಣ್ಣಗೆ ಹೆಚ್ಚುತ್ತಿದ್ದರು, ಅತ್ತೆ ಅದನ್ನು ಹಿಟ್ಟಿನ ಎಳೆಗಳ ಮೇಲೆ ಹರಡುತ್ತಿದ್ದರು. ಮಗಳು ಐಜಾರ್ಕಿನ್ ಫೋನನ್ನು ಬಟ್ಟಲಿಗೆ ಆನಿಸಿ ಎಲ್ಲರಿಗೂ ಕಾಣುವಂತೆ ಇಟ್ಟಳು.

"ನೋಡಿ ಅಜ್ಜಾ, ಅನಾರಾ ಅತ್ತೆ ಮಧ್ಯದಲ್ಲಿ ನಿಂತಿದ್ದಾಳೆ!"

"ಬಡವಾಗಿದ್ದಾಳೆ" ಎಂದರು ಬುರ್ಮಾಕಾನ್.

ಮಾವ ಚಾಕು ಹಿಡಿದ ಕೈಯಲ್ಲೇ ತಾಳ ಹಾಕುತ್ತಿದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ಸೈಕಾಲ್ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಕೊನೆಯ ಸಾಲಿಗೆ ಅಷ್ಟೂ ಜನ ಎದೆಯ ಮೇಲೆ ಕೈಯಿಟ್ಟು ಹಾಡಿದರು: ಹಾಡಿದವರು ಮನೆಯ ಹಿರಿಯರು, ಕಾಯುವವರು ಮನೆಯ ಹಿರಿಯರು.

ಮಾವನ ಚಾಕು ನಿಂತಿತು.

"ಅದೇನದು? ನನ್ನ ಹೆಸರೆಲ್ಲಿ?"

ಸೈಕಾಲ್ ಕಿವಿಯವರೆಗೆ ಕೆಂಪಾದಳು. ಆಗ ತಾಲಾಯ್ ಬಾಯಿಬಿಟ್ಟ.

"ಹೇಳ್ಬಾರ್ದು ಅಂದ್ಕೊಂಡಿದ್ದೆ ಆತಾ. ಮೊನ್ನೆ ಗಾಡಿಯಲ್ಲಿ ಒಬ್ಬ ಮದುವೆ ವೀಡಿಯೊ ತೋರಿಸ್ದ. ದೊಡ್ಡ ಹೋಟೆಲು. ಹಾಡೋನು ಸೂಟು ಹಾಕ್ಕೊಂಡು ಇದೇ ಹಾಡು ಹಾಡ್ತಿದ್ದ. ಹಾಡೋಕೆ ಮುಂಚೆ ಏನಂದ ಗೊತ್ತಾ? ಇದು ಹಳೇ ಹಾಡು, ಕಟ್ಟಿದವರು ಯಾರೋ, ಯಾವಾಗ್ಲೋ ಹೋಗಿಬಿಟ್ಟಿದ್ದಾರೆ ಅಂತ."

"ಹೋಗಿಬಿಟ್ಟಿದ್ದೀನಾ? ನಾನು ಇಲ್ಲಿ ಕೂತು ಮಾಂಸ ಹೆಚ್ಚುತಾ ಇದ್ದೀನಲ್ಲೋ!"

"ಎಲ್ಲಾ ಇವಳಿಂದ. ಹಾಡಿಂದ ಹೆಸರನ್ನೇ ಉಗುಳಿಬಿಟ್ಟಿದ್ದಾಳೆ" ಎಂದ ತಾಲಾಯ್.

ಬುರ್ಮಾಕಾನ್ ಮಗನ ಕಡೆ ತಿರುಗಿದರು. "ಇವಳಿಂದ ಅಂತ ಅನ್ಬೇಡ. ಮತ್ತೇನು ಮಾಡ್ಬೇಕಿತ್ತು ಅವಳು? ಊರಿಗೆಲ್ಲಾ ಕೇಳೋ ಹಾಗೆ ಮಾವನ ಹೆಸರು ಕೂಗ್ಬೇಕಿತ್ತಾ? ಈ ಮನೆಗೆ ಬಂದ ದಿನ ಅವಳಿಗೆ ಹೇಳಿಕೊಟ್ಟೋಳು ನಾನು. ಬೈಯ್ಯೋದಾದ್ರೆ ನನ್ನ ಬೈಯಿ."

"ನನ್ನನ್ನ ಕರೆದಿದ್ರೆ ಆಗಿತ್ತು. ಅಜ್ಜನ ಹೆಸರು ಹೇಳೋಕೆ ನನಗೇನು ಅಡ್ಡಿ?" ಎಂದಳು ಐಜಾರ್ಕಿನ್.

ಮಾವ ಯಾರನ್ನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನನ್ನ ಗುರು ಹೇಳ್ತಿದ್ರು" ಎಂದರು ಮೆತ್ತಗೆ, "ಹಾಡಿನ ಕೊನೇಲಿ ಹೆಸರು ಹಾಕು, ಕುದುರೆಗೆ ಮುದ್ರೆ ಒತ್ತೋ ಹಾಗೆ. ಎಷ್ಟು ದೂರ ಓಡಿಹೋದ್ರೂ ಯಾರ ಲಾಯದ್ದು ಅಂತ ಗೊತ್ತಾಗತ್ತೆ ಅಂತ. ನಾನು ಅಷ್ಟೊಂದು ಹಾಡು ಕಟ್ಟಿದೆ. ದೂರ ಓಡಿದ್ದು ಇದೊಂದೇ. ಅದಕ್ಕೂ ಮುದ್ರೆ ಇಲ್ದೆ ಹೋಯ್ತು."

ಚಾಕು ಒರೆಸಿಟ್ಟು ಎದ್ದು ಕುದುರೆ ನೋಡಲು ಹೋದರು. ಅವರ ಪಾಲಿನ ಮಾಂಸ ಹಾಗೇ ಉಳಿಯಿತು. ಸಂಜೆ ಕೊಮುಜ್ ಗೋಡೆಯ ಮೊಳೆ ಸೇರಿತು. ಶುಕ್ರವಾರ ಬೆಳಿಗ್ಗೆಯೂ ಕೆಳಗಿಳಿಯಲಿಲ್ಲ.

ಸೈಕಾಲ್‌ಗೆ ಅನ್ನ ನೀರು ರುಚಿಸಲಿಲ್ಲ. ಗೌರವ ಕೊಡಲು ಹೋಗಿ ಬದುಕಿರುವವರನ್ನೇ ಇಲ್ಲವೆನಿಸಿದೆನಲ್ಲ ಎಂದು ಹಸುವಿನ ಕೆಚ್ಚಲ ಬಳಿ ಕೂತು ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೊಂದು ಹಟ ಹುಟ್ಟಿತು. ಒಳಗೆ ಬಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಪಿಗೆ ದನಿ ಕಳಿಸಿದಳು.

"ಅಣ್ಣಂದಿರೇ, ಅಕ್ಕಂದಿರೇ, ತಪ್ಪು ನನ್ನದು. ಕೊನೇ ಸಾಲು ಹಾಗಿಲ್ಲ. ಅಲ್ಲಿ ಹಾಡು ಕಟ್ಟಿದವರ ಹೆಸರಿದೆ. ನಾನು ಈ ಮನೆ ಸೊಸೆ, ನನ್ನ ಬಾಯಲ್ಲಿ ಬರಲ್ಲ. ನನ್ನ ಮಗಳು ಹೇಳ್ತಾಳೆ, ಕೇಳಿಸ್ಕೊಳಿ, ಹಾಗೇ ಹಾಡಿ."

"ಎಸೆಂಕುಲ್!" ಎಂದು ಐಜಾರ್ಕಿನ್ ಕಿರುಚಿದಳು. "ಎಸೆಂಕುಲ್! ಎಸೆಂಕುಲ್!"

"ಒಂದು ಸಲ ಸಾಕು ಕಣೇ!" ಎಂದು ಒಲೆಯ ಬಳಿಯಿಂದ ಬುರ್ಮಾಕಾನ್ ಕಿವಿ ಮುಚ್ಚಿಕೊಂಡರು.

ಇಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದಳು ಸೈಕಾಲ್. ಮುಗಿಯಲಿಲ್ಲ. ಗುಂಪು ಎರಡು ಪಾಲಾಯಿತು. ಓಷ್‌ನ ಮೇಷ್ಟ್ರು, ಎಲ್ಲರೂ ಈ ಕ್ಷಣದಿಂದಲೇ ತಿದ್ದಿಕೊಳ್ಳತಕ್ಕದ್ದು ಎಂದು ಅಪ್ಪಣೆ ಹೊರಡಿಸಿದರು. ಕಜಾನಿನಲ್ಲಿ ಅಡುಗೆ ಕೆಲಸ ಮಾಡುವ ಗುಲ್‌ಬಾರಾ ಎಂಬವಳು, "ನಾನು ತಿದ್ದಿಕೊಳ್ಳಲ್ಲ ಮೇಷ್ಟ್ರೇ, ಏನು ಮಾಡ್ಕೋತೀರಿ?" ಎಂದಳು. ಅವಳ ಹಿಂದೆ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ದನಿ ಕಳಿಸತೊಡಗಿದರು. ಎಲ್ಲರೂ ಸೊಸೆಯಂದಿರು. ಒಬ್ಬಳ ಮಾವ ದಿನವೂ ಗೇಟಿನ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಾರಂತೆ. ಇನ್ನೊಬ್ಬಳ ಮಾವ ಫೋನಿನಲ್ಲಿ ಮಾತಾಡಲು ಬಾರದೆ ಬರೀ ಕೆಮ್ಮುತ್ತಾರಂತೆ, ಆ ಕೆಮ್ಮು ಕೇಳಿದರೆ ಅವಳಿಗೆ ಸಮಾಧಾನವಂತೆ. ಆ ಸಾಲು ಹಾಡಿದರೆ ನಮ್ಮವರನ್ನೇ ಕರೆದ ಹಾಗಾಗುತ್ತದೆ, ಅದನ್ನು ಕಿತ್ತುಕೊಳ್ಳಬೇಡಿ ಎನ್ನುತ್ತಿದ್ದರು.

ಸೈಕಾಲ್ ಇದನ್ನೆಲ್ಲ ಕೇಳುತ್ತ, ಯಾರ ಕಡೆ ನಿಲ್ಲಬೇಕೋ ತಿಳಿಯದೆ, ಕೆಲಸಗಳ ನಡುವೆ ಮೈಮರೆಯುತ್ತಿದ್ದಳು. ಎರಡನೆಯ ಶುಕ್ರವಾರವೂ ಹಾಡಿಲ್ಲದೆ ಕಳೆಯಿತು. ಆ ಭಾನುವಾರ ಎಲ್ಲರೂ ಚಹಾಕ್ಕೆ ಕೂತಿದ್ದಾಗ ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡೇ ಮಾವನ ಬಟ್ಟಲಿಗೆ ಚಹಾ ಬಗ್ಗಿಸಿದಳು. ಅಲ್ಲಿ ಸೊಸೆ ಬಟ್ಟಲಿನ ತಳ ಮುಚ್ಚುವಷ್ಟೇ ಬಗ್ಗಿಸಬೇಕು; ಮತ್ತೆ ಮತ್ತೆ ಕೊಡಿ ಎಂದು ಕೈ ಚಾಚುವುದರಲ್ಲೇ ಮರ್ಯಾದೆ ಇರುವುದು. ಬಟ್ಟಲು ತುಂಬ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ. ಸೈಕಾಲ್ ತುಳುಕುವಷ್ಟು ತುಂಬಿ ಎರಡೂ ಕೈಯಲ್ಲಿ ಮಾವನ ಮುಂದೆ ಹಿಡಿದಳು.

ಮಾವ ಬಟ್ಟಲನ್ನು ನೋಡಿದರು. ಸೊಸೆಯನ್ನು ನೋಡಿದರು.

"ಮಗಳೇ, ಹಾಡಿಂದ ಕಳಿಸಿದ್ದಾಯ್ತು. ಈಗ ಮನೆಯಿಂದಲೂ ಕಳಿಸ್ತಿದ್ದೀಯಾ?"

ಸೈಕಾಲ್ "ಅಯ್ಯೋ ಆತಾ!" ಎಂದು ಬಟ್ಟಲು ಕಿತ್ತುಕೊಳ್ಳಲು ಹೋಗಿ ಅರ್ಧ ಚಹಾ ಅವರ ಮಡಿಲಿಗೇ ಚೆಲ್ಲಿದಳು. ಹತ್ತು ವರ್ಷದ ಮಗ ಎಲ್ದೋಸ್ ಮೊದಲು ನಕ್ಕ, ಆಮೇಲೆ ಅತ್ತೆ, ಕೊನೆಗೆ ಮಾವನ ಬೊಚ್ಚು ಬಾಯಿಯೂ ತೆರೆಯಿತು. ಎರಡು ವಾರದಿಂದ ಆ ಮನೆಯಲ್ಲಿ ನಗು ಕೇಳಿರಲಿಲ್ಲ.

"ಹಾಗೆ ಮೈಮರೆಯೋ ಅಂಥದ್ದು ಅದರಲ್ಲೇನು ಬರ್ತಿದೆ? ಕೊಡಿಲ್ಲಿ" ಎಂದು ಮಾವ ಕೈ ಚಾಚಿದರು.

ಅವತ್ತಿನಿಂದ ಫೋನು ಅವರ ಪಾಲಾಯಿತು. ಕುದುರೆಯ ಲಗಾಮು ಹೊಲಿಯುತ್ತ, ಹಳೆಯ ದನಿಗಳಿಂದ ಹಿಡಿದು ಒಂದೂ ಬಿಡದೆ ಕೇಳಿದರು. ನಡುನಡುವೆ ಅಲ್ಲಿಂದಲೇ ಟೀಕೆ ಮಾಡುತ್ತಿದ್ದರು. "ಈ ಓಷ್‌ನ ಮೇಷ್ಟ್ರಿಗೆ ಮನೇಲಿ ಹೆಂಡತಿ ಇಲ್ವಾ?" "ಈ ಹುಡುಗಿ ದನಿ ಚೆನ್ನಾಗಿದೆ, ಉಸಿರು ಸಾಲದು." ಕೆಮ್ಮುವ ಮಾವನ ಕಥೆಯನ್ನು ಎರಡು ಸಲ ಹಾಕಿಸಿಕೊಂಡರು. ಆದರೆ ಕೊಮುಜ್ ಮಾತ್ರ ಮೊಳೆಯಲ್ಲೇ ಇತ್ತು.

"ಆತಾ, ಈ ಶುಕ್ರವಾರ?" ಎಂದು ಸೈಕಾಲ್ ಮೆಲ್ಲಗೆ ಕೇಳಿದರೆ, "ನೋಡೋಣ ಮಗಳೇ" ಎನ್ನುತ್ತಿದ್ದರು. ಹಾಗೆ ನೋಡುತ್ತಲೇ ಫೆಬ್ರವರಿ ಕಳೆಯಿತು. ಮಾವ ಮತ್ತೆ ಹಾಡದಿದ್ದರೆ ಅದಕ್ಕೆ ತಾನೇ ಹೊಣೆ ಎಂಬ ಭಯ ಸೈಕಾಲ್ ಎದೆಯಲ್ಲಿ ಗೂಡು ಕಟ್ಟಿತ್ತು.

ಮಾರ್ಚಿನ ನೂರೂಜ್ ಹಬ್ಬದ ದಿನ ತಾಲಾಯ್‌ನ ವ್ಯಾನು ಅಂಗಳಕ್ಕೆ ಬಂದು ನಿಂತಾಗ ಅದರಿಂದ ಪ್ರಯಾಣಿಕರು ಇಳಿಯಲಿಲ್ಲ, ಗುಂಪೇ ಇಳಿಯಿತು. ರಜೆಗೆ ಬಂದಿದ್ದ ಗುಲ್‌ಬಾರಾ ಇದ್ದಳು. ಹೆಗಲಿಗೆ ಒಣದ್ರಾಕ್ಷಿ ಚೀಲ ಹಾಕಿಕೊಂಡು ಓಷ್‌ನ ಮೇಷ್ಟ್ರು ಬಂದಿದ್ದರು. ಕಾಲ್ಚೀಲ ಮಾರುವ ನಾಲ್ವರು ಹೆಂಗಸರೂ ಇದ್ದರು. ಇಳಿದವರೇ ಒಕ್ಕೊರಲಿನಿಂದ "ಚಾ ಆರ್ತಿದೆ!" ಎಂದು ಕೂಗಿದರು. ಬಾಗಿಲಿಗೆ ಬಂದ ಬುರ್ಮಾಕಾನ್, "ಆರಿಲ್ಲ, ಈಗ ಕುದೀತಿದೆ. ಒಳಗೆ ಬನ್ನಿ" ಎಂದರು.

ನೆಲದ ಮೇಲೆ ಉದ್ದಕ್ಕೂ ಊಟದ ದಸ್ತರ್‌ಖಾನ್ ಹಾಸಿ, ಕರಿದ ಬೋರ್ಸೋಕ್ ರಾಶಿ ಸುರಿದು, ಕೆನೆ, ಜಾಮು, ಮಾಂಸ ಎಲ್ಲ ಜೋಡಿಸಿದರು. ಮೇಷ್ಟ್ರು ಮೂರು ಬಟ್ಟಲು ಚಹಾ ಮುಗಿಸುವವರೆಗೆ ತಡೆದುಕೊಂಡಿದ್ದೇ ಹೆಚ್ಚು.

"ಎಸೆಂಕುಲ್ ಅಣ್ಣಾ, ಒಂದು ತೀರ್ಮಾನ ಕೊಡಿ. ನಿಮ್ಮ ಹಾಡು, ನಿಮ್ಮ ಹೆಸರು. ಇವರೆಲ್ಲ ಹಟ ಹಿಡಿದಿದ್ದಾರೆ."

ಗುಲ್‌ಬಾರಾ ಬಟ್ಟಲು ಕೆಳಗಿಟ್ಟಳು. ಅಡುಗೆಮನೆಯ ಬಿಸಿಗೆ ಕೆಂಪಾದ ದಪ್ಪ ಕೈಗಳು ಅವಳವು.

"ಆತಾ, ನಿಮ್ಮ ಹೆಸರಿನ ಮೇಲೆ ನನಗೇನು ಸಿಟ್ಟಿಲ್ಲ. ನಾನು ರಷ್ಯಾಕ್ಕೆ ಹೊರಟಾಗ ಬಸ್ಸಿನವರೆಗೆ ನನ್ನ ಚೀಲ ಹೊತ್ತು ತಂದೋರು ನನ್ನ ಮಾವ. ಹೋದ ವರ್ಷ ತೀರ್ಕೊಂಡ್ರು. ನನಗೆ ಬರೋಕಾಗ್ಲಿಲ್ಲ. ಅವರಿರೋತನಕ ಅವರ ಹೆಸರು ನಾನು ಹೇಳಿಲ್ಲ, ಹೋದ ಮೇಲೂ ಬಾಯಿಗೆ ಬರಲ್ಲ. ಈ ಹಾಡಿನಲ್ಲಿ ಅವರಿಗೆ ಜಾಗ ಸಿಕ್ತು. ಪಾತ್ರೆ ತೊಳೀತಾ ಹಾಡ್ಕೋತೀನಿ. ನಿಮ್ಮ ಹೆಸರು ಹಾಕಿದ್ರೆ ಅವರು ಎಲ್ಲಿಗೆ ಹೋಗ್ಬೇಕು ಹೇಳಿ?"

ಮೇಷ್ಟ್ರು ಒಣದ್ರಾಕ್ಷಿಯ ಚೀಲವನ್ನು ಅವಳ ಕಡೆ ಸರಿಸಿದರು. ಮಾವ ಗಡ್ಡ ನೀವಿಕೊಂಡರು. ಆಮೇಲೆ ಕೆಟಲ್ಲಿನ ಬಳಿ ಕೂತಿದ್ದ ಸೊಸೆಯ ಕಡೆ ತಿರುಗಿದರು.

"ಮಗಳೇ, ನಾನೇ ಒಪ್ಪಿಗೆ ಕೊಡ್ತಿದ್ದೀನಿ. ಇಷ್ಟು ಜನರ ಮುಂದೆ ಒಂದು ಸಲ ನನ್ನ ಹೆಸರು ಹೇಳು. ನಿನ್ನ ಬಾಯಲ್ಲಿ ಹೇಗೆ ಕೇಳ್ಸತ್ತೆ ನೋಡೋಣ."

ಸೈಕಾಲ್ ತಲೆವಸ್ತ್ರ ಸರಿಮಾಡಿಕೊಂಡಳು. ನಿಜವಾಗಿಯೂ ಹೇಳಬೇಕೆಂದೇ ಬಾಯಿ ತೆರೆದಳು. "ಎ..." ಎಂದಳು. ಮುಂದಿನ ಅಕ್ಷರ ಗಂಟಲಲ್ಲೇ ಕೂತಿತು. ಇನ್ನೊಮ್ಮೆ ಉಸಿರೆಳೆದುಕೊಂಡಳು. ಹಣೆಯ ಮೇಲೆ ಬೆವರು ಬಂತೇ ಹೊರತು ಹೆಸರು ಬರಲಿಲ್ಲ.

"ಬಿಡು ಮುದುಕಾ, ಯಾಕೆ ಸಾಯಿಸ್ತೀಯ ಅವಳನ್ನ!" ಎಂದರು ಬುರ್ಮಾಕಾನ್. "ನಲವತ್ತೆಂಟು ವರ್ಷದಿಂದ ನನ್ನ ಬಾಯಲ್ಲೇ ಬಂದಿಲ್ಲ, ಹದಿನೇಳು ವರ್ಷದೋಳ ಬಾಯಲ್ಲಿ ಬರತ್ತಾ?"

ಮನೆಯೆಲ್ಲ ಹೋ ಎಂದು ನಕ್ಕಿತು. ಮಾವನೂ ನಕ್ಕರು. ನಗುತ್ತಲೇ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಮೊಳೆಯಿಂದ ಕೊಮುಜ್ ಇಳಿಸಿ, ತೋಳಿನಿಂದ ಧೂಳು ಒರೆಸಿದರು. ಐಜಾರ್ಕಿನ್ ಓಡಿಹೋಗಿ ಫೋನನ್ನು ಜಾಮಿನ ಡಬ್ಬಿಗೆ ಆನಿಸಿಟ್ಟಳು.

ಮಾವ ತಂತಿ ಬಿಗಿದು ಹಾಡತೊಡಗಿದರು. ದೂರ ಹೋದ ಮಕ್ಕಳೇ, ಹೊಗೆ ಕಂಡತ್ತ ತಿರುಗಿ. ಬಂದವರೆಲ್ಲ ತುಟಿಯಲ್ಲೇ ಜೊತೆಗೂಡಿದರು. ಒಲೆಯಿನ್ನೂ ಆರಿಲ್ಲ, ಬಾಗಿಲಿಗೆ ಅಗುಳಿಲ್ಲ. ಕೊನೆಯ ಸಾಲಿಗೆ ಮಾವ ಗುಲ್‌ಬಾರಾಳನ್ನು ನೋಡಿ ತಲೆಯಾಡಿಸಿ, "ಕಾಯುವವರು ಮನೆಯ ಹಿರಿಯರು" ಎಂದರು. ಆ ಹೆಂಗಸು ಮುಖ ಮುಚ್ಚಿಕೊಂಡಳು. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಚಪ್ಪಾಳೆಗೆ ಕೈ ಎತ್ತಿದರು. ಆದರೆ ಮಾವನ ಬೆರಳು ನಿಲ್ಲಲಿಲ್ಲ. ಹಿಂದೆಂದೂ ಇಲ್ಲದ ಇನ್ನೊಂದು ಸಾಲು ಬಂತು:

ಹಾಡಿದವ ಎಸೆಂಕುಲ್, ಊರಿಗೆ ಮುಟ್ಟಿಸಿದವಳು ಸೈಕಾಲ್.

ಸೈಕಾಲ್ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಈ ಮನೆಗೆ ಬಂದಾಗಿನಿಂದ ಮಾವನಿಗೆ ಅವಳು ಮಗಳೇ, ಗಂಡನಿಗೆ ಏ ಇವಳೇ, ಊರಿಗೆ ವ್ಯಾನಿನವನ ಹೆಂಡತಿ. ತನ್ನ ಹೆಸರು ಇಷ್ಟು ಚೆನ್ನಾಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಳುವೂ ನಗುವೂ ಒಟ್ಟಿಗೇ ಬಂತು. ಎದ್ದು ನಿಂತು ಮಾವನಿಗೆ ನಡು ಬಗ್ಗಿಸಿ ನಮಸ್ಕರಿಸಿದಳು. "ಬಾಳು ಮಗಳೇ" ಎಂದರು ಅವರು. ಮೇಷ್ಟ್ರು, ತಾವೇ ಗೆದ್ದವರಂತೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಆಗ ಬುರ್ಮಾಕಾನ್ ಬೋರ್ಸೋಕ್ ತಟ್ಟೆಯನ್ನು ಠಣ್ಣನೆ ಕೆಳಗಿಟ್ಟರು.

"ಏ ಮುದುಕಾ, ನಿನಗೆ ಬುದ್ಧಿ ಇದೆಯಾ? ನಾಳೆ ನಮ್ಮ ಎಲ್ದೋಸ್‌ಗೆ ಹೆಂಡತಿ ಬರ್ತಾಳೆ. ಅತ್ತೆ ಹೆಸರು ಹೇಳೋ ಹಾಗಿಲ್ಲ, ಅಜ್ಜನ ಹೆಸರು ಹೇಳೋ ಹಾಗಿಲ್ಲ. ಪಾಪ, ಆ ಹುಡುಗಿ ಈ ಸಾಲನ್ನ ಹೇಗೆ ಹಾಡ್ಬೇಕು?"

"ನಾನು ಮದುವೇನೇ ಆಗಲ್ಲ" ಎಂದ ಎಲ್ದೋಸ್, ಬಾಯ್ತುಂಬ ಬೋರ್ಸೋಕ್ ಇಟ್ಟುಕೊಂಡು.

"ಏನಾದ್ರೂ ಹೊಂದಿಸ್ಕೋತಾಳೆ ಬಿಡು" ಎಂದರು ಮಾವ. "ಈ ಮನೆ ಸೊಸೆಯರಿಗೆ ಅದನ್ನ ಕಲಿಸ್ಬೇಕಾ?"

ಸೈಕಾಲ್ ನಗುತ್ತ ಕಣ್ಣೊರೆಸಿಕೊಂಡಳು. ಯಾವುದೋ ಕಣಿವೆಯಲ್ಲಿ, ಈಗಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿರುವ ಒಂದು ಹುಡುಗಿ, ಮುಂದೊಂದು ದಿನ ಇದೇ ಒಲೆಯ ಬಳಿ ಹಿಟ್ಟು ನಾದುತ್ತ ಆ ಸಾಲಿನವರೆಗೆ ಬರುತ್ತಾಳೆ. ಬಂದು, ಯೋಚಿಸದೆ, ಸೈಕಾಲ್ ಎಂಬ ಹೆಸರಿನ ಜಾಗದಲ್ಲಿ ಬೇರೆ ಏನನ್ನೋ ಹಾಡುತ್ತಾಳೆ. ಏನನ್ನು ಹಾಡಬಹುದೆಂದು ಕೇಳುವ ಆಸೆ ಸೈಕಾಲ್‌ಗೆ ಈಗಲೇ ಆಯಿತು. ಅಷ್ಟರಲ್ಲಿ ಫೋನಿನಿಂದ ಅನಾರಾಳ ದನಿ ಬಂತು.

"ಅತ್ತಿಗೆ, ಹಾಡು ಬಂತು. ಆದ್ರೆ ಇವತ್ತು ಅಮ್ಮ ಕೊನೇಲಿ ಅದನ್ನ ಹೇಳೇ ಇಲ್ವಲ್ಲ! ಇಲ್ಲಿ ಎಲ್ಲರೂ ಕಾಯ್ತಾ ಕೂತಿದ್ದಾರೆ."

ಬುರ್ಮಾಕಾನ್ ಗಂಡನ ಬಟ್ಟಲನ್ನು ಮುಟ್ಟಿ ನೋಡಿದರು. ಅದು ಯಾವಾಗಲೋ ಆರಿಹೋಗಿತ್ತು. ಸೈಕಾಲ್ ಅದನ್ನು ಚೆಲ್ಲಿ, ತಳ ಮುಚ್ಚುವಷ್ಟೇ ಬಿಸಿ ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಮಾವನ ಮುಂದೆ ಹಿಡಿದಳು.